ನೋಡುವುದಕ್ಕೂ ಮುಟ್ಟುವುದಕ್ಕೂ ನಡುವಿನ ಸಂದು: ಆರ್‌ಎಂ, ಎಂವಿ, ಫೈಂಡ್ ಆಜ್ಞೆಗಳಲ್ಲಿ ರೇಸ್ ಕಂಡೀಶನ್

ಬನವಾಸಿ ರಸ್ತೆ (ಶಿರಸಿ)

ನಾನು ಶಿರಸಿಯ ಒಂದು ಕಚೇರಿಯಲ್ಲಿ ಲೆಕ್ಕಪತ್ರದ ಜೊತೆಗೆ ಅಲ್ಲಿನ ಕಂಪ್ಯೂಟರುಗಳನ್ನೂ ನೋಡಿಕೊಳ್ಳುವವನು. ಅಡಿಕೆ ತಂದವರ ತೂಕದ ಚೀಟಿ, ಪಾವತಿಯ ರಸೀದಿ ಮುಂತಾದವುಗಳನ್ನು ಸ್ಕ್ಯಾನ್ ಮಾಡಿ, ಒಂದು ಲಿನಕ್ಸ್ ಯಂತ್ರದ ಹಂಚಿಕೆ ಫೋಲ್ಡರಿನಲ್ಲಿ ತಾರೀಖಿನ ಪ್ರಕಾರ ಇಡುತ್ತೇವೆ. ರಾತ್ರಿ 10 ಗಂಟೆಗೆ ಒಂದು ಸ್ಕ್ರಿಪ್ಟ್ (ಸಾಲಾಗಿ ಓಡುವ ಆಜ್ಞೆಗಳ ಪಟ್ಟಿ) ವಾರ ಕಳೆದ ಫೋಲ್ಡರುಗಳನ್ನು, ಫೈಲು ಸರಿಸುವ ಎಂವಿ ಆಜ್ಞೆಯಿಂದ ಎರಡನೆಯ ಡಿಸ್ಕಿಗೆ ಸಾಗಿಸುತ್ತದೆ. 2 ಗಂಟೆಗೆ ಇನ್ನೊಂದು ಸ್ಕ್ರಿಪ್ಟ್, ವಾರಕ್ಕಿಂತ ಹಳೆಯದಾಗಿ ಅಲ್ಲಿಯೇ ಉಳಿದ ಫೈಲುಗಳನ್ನು ಫೈಂಡ್‌ನಿಂದ ಹುಡುಕಿ, ಒಂದೊಂದನ್ನೇ ಆರ್‌ಎಂಗೆ ಕೊಟ್ಟು ಅಳಿಸುತ್ತದೆ. ಎರಡೂ ಓಡುವುದು ರೂಟ್, ಅಂದರೆ ಎಲ್ಲ ಹಕ್ಕುಗಳೂ ಇರುವ ಬಳಕೆದಾರನ, ಹೆಸರಿನಲ್ಲಿ. ಒಂದು ಓಡುತ್ತಿರುವಾಗ ಇನ್ನೊಂದು ಓಡಬಾರದೆಂದು ಬೀಗದ ಫೈಲೊಂದನ್ನು ಇಟ್ಟಿದ್ದೆ: ಅದು ಇದೆಯೇ ಎಂದು ನೋಡು, ಇಲ್ಲದಿದ್ದರೆ ಸೃಷ್ಟಿಸು, ಕೆಲಸ ಮುಗಿದ ಮೇಲೆ ಅಳಿಸು.

ನಾಲ್ಕು ವರ್ಷ ತಕರಾರಿಲ್ಲದೆ ನಡೆದ ಈ ಏರ್ಪಾಡು ಕಳೆದ ಜುಲೈನಲ್ಲಿ ಕೈಕೊಟ್ಟಿತು. ಸಂಜೆಯ ಗಾಳಿಮಳೆಗೆ ಎಲ್ಲಿಯೋ ಲೈನಿನ ಮೇಲೆ ಮರ ಬಿದ್ದು ಕರೆಂಟು ಹೋದದ್ದು, ಯುಪಿಎಸ್ ಅರ್ಧ ಗಂಟೆ ಹಿಡಿದು ಕೈಚೆಲ್ಲಿದ ಮೇಲೆ, ಮರುದಿನ ಬೆಳಗಿನ ಜಾವ ಬಂತು. ತಪ್ಪಿಹೋದ ಕೆಲಸವನ್ನು ಯಂತ್ರ ಚಾಲೂ ಆದೊಡನೆ ಮಾಡಿಬಿಡಲಿ ಎಂದು ಎರಡೂ ಸ್ಕ್ರಿಪ್ಟುಗಳಿಗೆ ನಾನೇ ಬರೆದಿಟ್ಟಿದ್ದೆನಾದ್ದರಿಂದ ಎರಡೂ ಒಂದೇ ಸೆಕೆಂಡಿನಲ್ಲಿ ಎದ್ದವು. ಎರಡೂ ಬೀಗವನ್ನು ಹುಡುಕಿದವು, ಎರಡಕ್ಕೂ ಅದು ಕಾಣಲಿಲ್ಲ, ಎರಡೂ ಅದನ್ನು ಸೃಷ್ಟಿಸಿ ಕೆಲಸಕ್ಕೆ ಇಳಿದವು. ಒಂದು ಸಾಗಿಸುತ್ತಿದ್ದಂತೆಯೇ ಇನ್ನೊಂದು ಅದರ ಮುಂದಿನಿಂದ ಅಳಿಸುತ್ತ ಹೋಯಿತು. ಲಾಗ್‌ನಲ್ಲಿ ಎಂವಿ 118 ಫೈಲುಗಳ ಹೆಸರು ಹೇಳಿ ‘ಅಂಥ ಫೈಲು ಇಲ್ಲ’ ಎಂದು ದೂರಿತ್ತು. ಕಾಗದದ ಮೂಲ ಪ್ರತಿಗಳು ಇದ್ದುದರಿಂದ ಎರಡು ದಿನ ಕೂತು ಮತ್ತೆ ಸ್ಕ್ಯಾನ್ ಮಾಡಿದ್ದಾಯಿತು.

ನನ್ನ ಪ್ರಶ್ನೆ ಇಷ್ಟು. ಯಾರು ಮೊದಲು ಮುಟ್ಟುತ್ತಾರೆ ಎಂಬುದರ ಮೇಲೆ ಫಲಿತಾಂಶ ನಿಲ್ಲುವ ಇಂಥದನ್ನು ರೇಸ್ ಕಂಡೀಶನ್ ಎನ್ನುತ್ತಾರೆಂದು ಓದಿದ್ದೇನೆ. ಆದರೆ ಭದ್ರತೆಯ ಪ್ರಕಟಣೆಗಳಲ್ಲಿಯೂ ಇದೇ ಹೆಸರು ಬರುತ್ತದೆ. ನನ್ನ ಅಚಾತುರ್ಯಕ್ಕೂ ಆ ದೋಷಗಳಿಗೂ ನಂಟು ಇದೆಯೇ, ಅಥವಾ ಹೆಸರು ಮಾತ್ರ ಒಂದೆಯೇ?

ಕುಮಟಾ ಲ್ಯಾಬ್

ಮೊದಲು ಬೀಗದ ಮಾತು ಮುಗಿಸೋಣ, ಏಕೆಂದರೆ ಅದು ಸುಲಭ. ನೀವು ಇಟ್ಟದ್ದು ಬೀಗವಲ್ಲ, ‘ಒಳಗೆ ಜನ ಇದ್ದಾರೆ’ ಎಂದು ಬರೆದ ರಟ್ಟು. ರಟ್ಟು ಇದೆಯೇ ಎಂದು ನೋಡುವುದು ಒಂದು ಹೆಜ್ಜೆ, ತೂಗುಹಾಕುವುದು ಇನ್ನೊಂದು ಹೆಜ್ಜೆ. ಎರಡರ ನಡುವೆ ಮತ್ತೊಬ್ಬರು ಬಂದು ನೋಡಿದರೆ ಅವರಿಗೂ ಬಾಗಿಲು ಖಾಲಿಯಾಗಿಯೇ ಕಾಣುತ್ತದೆ. ಎರಡು ಹೆಜ್ಜೆಗಳನ್ನು ಕರ್ನೆಲ್ಲೇ (ಆಪರೇಟಿಂಗ್ ಸಿಸ್ಟಮಿನ ತಿರುಳು) ಒಂದಾಗಿ ಮಾಡಿಕೊಡುವ ಉಪಾಯಗಳಿವೆ. ಡೈರೆಕ್ಟರಿ, ಅಂದರೆ ಫೋಲ್ಡರು, ಮಾಡುವ ಎಂಕೆಡಿರ್ ಆಜ್ಞೆ ಅದು ಮೊದಲೇ ಇದ್ದರೆ ಸೋಲುತ್ತದೆ, ಇಲ್ಲದಿದ್ದರೆ ಸೃಷ್ಟಿಸುತ್ತದೆ. ನಡುವೆ ಸಂದು ಇಲ್ಲ. ಆಜ್ಞೆಗಳನ್ನು ಓದಿ ಓಡಿಸುವ ಶೆಲ್‌ನಲ್ಲಿ ನೋಕ್ಲಾಬರ್ ಎಂಬ ಆಯ್ಕೆ ಹಾಕಿಕೊಂಡರೂ ಹಾಗೆಯೇ: ಇರುವ ಫೈಲಿನ ಮೇಲೆ ಬರೆಯಲು ಹೋದರೆ ಅದು ಒಪ್ಪುವುದಿಲ್ಲ.

ಆದರೆ ಮಳೆಗಾಲದ ಶಿರಸಿಗೆ ಇವೆರಡೂ ಸಾಲವು. ಎಂಕೆಡಿರ್‌ನಿಂದ ಮಾಡಿದ ಬೀಗ ಡಿಸ್ಕಿನ ಮೇಲೆ ಇರುತ್ತದೆ. ಸ್ಕ್ರಿಪ್ಟ್ ನಡುವೆಯೇ ಕರೆಂಟು ಹೋದರೆ ಬೀಗ ಅಲ್ಲೇ ಉಳಿದು, ಮರುದಿನದಿಂದ ಯಾವ ಕೆಲಸವೂ ಓಡುವುದಿಲ್ಲ, ಯಾರಿಗೂ ಗೊತ್ತೂ ಆಗುವುದಿಲ್ಲ. ಎಫ್‌ಲಾಕ್ ಎಂಬ ಬೀಗದ ಆಜ್ಞೆ ಬಳಸಿ. ಅದರಲ್ಲಿ ಬೀಗ ಹಾಕುವುದು ತೆರೆದ ಫೈಲಿನ ಮೇಲೆ, ಹಿಡಿದಿರುವುದು ಕರ್ನೆಲ್. ಪ್ರೋಸೆಸ್ (ಓಡುತ್ತಿರುವ ಪ್ರೋಗ್ರಾಮು) ಸತ್ತರೆ ಬೀಗವೂ ಬಿಡುತ್ತದೆ, ಹಿಂದೆ ಉಳಿಯುವ ಖಾಲಿ ಫೈಲು ನಿರುಪದ್ರವಿ.

ಪ್ರಶ್ನೆಯ ದೊಡ್ಡ ಭಾಗವನ್ನು ಕೋಡಿಬಾಗದವರಿಗೆ ಬಿಡುತ್ತೇನೆ. ನಂಟು ಇದೆ, ಅದೂ ಒಡಹುಟ್ಟಿನ ನಂಟು.

ಕೋಡಿಬಾಗ (ಕಾರವಾರ)

ಕುಮಟಾದ ಮೇಷ್ಟ್ರು ನನ್ನ ಕಡೆ ತಳ್ಳಿದ್ದರಿಂದ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ನಿಮ್ಮ ಬೀಗಕ್ಕಿಂತ ನನ್ನನ್ನು ಹೆಚ್ಚು ಹೆದರಿಸಿದ್ದು 2 ಗಂಟೆಯ ಸ್ಕ್ರಿಪ್ಟ್. ಎಲ್ಲರೂ ಬರೆಯಬಹುದಾದ ಫೋಲ್ಡರಿನಲ್ಲಿ, ರೂಟ್ ಹೆಸರಿನಲ್ಲಿ, ಫೈಂಡ್ ಹುಡುಕಿದ ಹೆಸರನ್ನು ಎಕ್ಸೆಕ್ ಎಂಬ ಅದರ ಆಯ್ಕೆಯ ಮೂಲಕ ಆರ್‌ಎಂಗೆ ದಾಟಿಸುವುದು ಈ ಜಾತಿಯ ದೋಷಕ್ಕೆ ಪಠ್ಯಪುಸ್ತಕದ ಉದಾಹರಣೆ. ಕೆಟ್ಟ ಬುದ್ಧಿಯವನೊಬ್ಬ ಹಂಚಿಕೆ ಫೋಲ್ಡರಿನಲ್ಲಿ ‘ಅ’ ಎಂಬ ಡೈರೆಕ್ಟರಿ ಮಾಡಿ, ಅದರೊಳಗೆ ‘ಪಾಸ್‌ಡಬ್ಲ್ಯೂಡಿ’ ಎಂಬ ಫೈಲಿಟ್ಟು, ಟಚ್ ಆಜ್ಞೆಯಿಂದ ಅದರ ತಾರೀಖನ್ನು ತಿಂಗಳ ಹಿಂದಕ್ಕೆ ತಳ್ಳುತ್ತಾನೆ. ಫೈಂಡ್ ಅದನ್ನು ಕಂಡು, ಹಳೆಯದು ಹೌದು ಎಂದು ತೀರ್ಮಾನಿಸಿ, ‘ಅ’ ಒಳಗಿನ ಪಾಸ್‌ಡಬ್ಲ್ಯೂಡಿ ಎಂಬ ಪೂರ್ತಿ ದಾರಿಯನ್ನು ಆರ್‌ಎಂಗೆ ಹೇಳುತ್ತದೆ. ಆರ್‌ಎಂ ಎದ್ದು ಕೆಲಸ ಶುರುಮಾಡುವ ಮೊದಲು ಅವನು ‘ಅ’ ಡೈರೆಕ್ಟರಿಯ ಹೆಸರು ಬದಲಿಸಿ, ಅದರ ಜಾಗದಲ್ಲಿ ವ್ಯವಸ್ಥೆಯ ಫೈಲುಗಳಿರುವ ಇಟಿಸಿ ಡೈರೆಕ್ಟರಿಗೆ ತೋರಿಸುವ ‘ಅ’ ಎಂಬ ಸಿಮ್‌ಲಿಂಕ್ (ಬೇರೊಂದು ದಾರಿಗೆ ಕೈತೋರಿಸುವ ಫೈಲು) ಇಟ್ಟರೆ ಮುಗಿಯಿತು. ಆರ್‌ಎಂ ತಾನು ಅಳಿಸಬೇಕಾದದ್ದೇ ಸಿಮ್‌ಲಿಂಕ್ ಆಗಿದ್ದರೆ ಲಿಂಕನ್ನು ಮಾತ್ರ ಅಳಿಸುತ್ತದೆ ಎಂಬುದು ನಿಜ. ಆದರೆ ದಾರಿಯ ನಡುವಿನ ಲಿಂಕುಗಳನ್ನು ಕರ್ನೆಲ್ ಎಂದಿನಂತೆ ಹಿಂಬಾಲಿಸುತ್ತದೆ. ಅಳಿಸಿಹೋಗುವುದು ಇಟಿಸಿಯೊಳಗಿನ ಪಾಸ್‌ಡಬ್ಲ್ಯೂಡಿ, ಅಂದರೆ ನಿಮ್ಮ ಯಂತ್ರದ ಬಳಕೆದಾರರ ಪಟ್ಟಿ.

ಫೈಂಡ್ ತಪ್ಪು ಮಾಡಲಿಲ್ಲ, ಆರ್‌ಎಂ ಕೂಡ ಮಾಡಲಿಲ್ಲ. ಒಂದು ಪರೀಕ್ಷಿಸಿತು, ಇನ್ನೊಂದು ಬಳಸಿತು. ಇಬ್ಬರ ನಡುವೆ ದಾಟಿದ್ದು ಬರೀ ಹೆಸರು. ದಾರಿಯನ್ನು ಕೊಟ್ಟಾಗಲೆಲ್ಲ ಕರ್ನೆಲ್ ಅದನ್ನು ಮೊದಲಿನಿಂದ ನಡೆದುನೋಡುತ್ತದೆ, ಹಿಂದಿನ ಸಲ ಎಲ್ಲಿಗೆ ಮುಟ್ಟಿತ್ತೆಂಬುದು ಅದಕ್ಕೆ ನೆನಪಿರುವುದಿಲ್ಲ. ಮ್ಯಾಟ್ ಬಿಷಪ್ ಮತ್ತು ಮೈಕೆಲ್ ಡಿಲ್ಗರ್ 1996ರಲ್ಲಿಯೇ ಫೈಲು ಬಳಕೆಯ ಈ ಸಂದನ್ನು ಕುರಿತು, ಪ್ರೋಗ್ರಾಮಿನ ಪಠ್ಯದಲ್ಲಿ ಅದನ್ನು ಹುಡುಕುವ ಬಗೆಯನ್ನು ಕುರಿತು ಬರೆದಿದ್ದರು.

ತಕ್ಷಣದ ಮದ್ದು: ಗ್ನೂ ಫೈಂಡ್‌ನಲ್ಲಿ ಎಕ್ಸೆಕ್ ಬಿಟ್ಟು ಡಿಲೀಟ್ ಆಯ್ಕೆ ಬಳಸಿ. ಬೇರೆ ಆಜ್ಞೆಯನ್ನೇ ಓಡಿಸಬೇಕಿದ್ದರೆ ಎಕ್ಸೆಕ್‌ಡಿರ್. ಅದು ಫೈಲು ಇರುವ ಡೈರೆಕ್ಟರಿಯ ಒಳಗೆ ನಿಂತು ಆಜ್ಞೆ ಓಡಿಸುವುದರಿಂದ ನಡುದಾರಿಯಲ್ಲಿ ಲಿಂಕ್ ತೂರಿಸಲು ಜಾಗವಿರುವುದಿಲ್ಲ.

ಬನವಾಸಿ ರಸ್ತೆ (ಶಿರಸಿ)

ನಮ್ಮ ಯಾರ್ಡಿನ ಲೆಕ್ಕದಲ್ಲಿ ಅರ್ಥ ಮಾಡಿಕೊಳ್ಳಲು ನೋಡಿದೆ. ಟೆಂಡರಿನ ದಿನ ವ್ಯಾಪಾರಿ ಅಡಿಕೆಯ ಗುಂಪಿನಲ್ಲಿ ಕೈಯಾಡಿಸಿ, ಒಂದೆರಡು ಒಡೆದು ನೋಡಿ, ಲಾಟ್ ನಂಬರಿಗೆ ದರ ಬರೆಯುತ್ತಾನೆ. ಅವನು ನೋಡಿದ್ದು ಅಡಿಕೆಯನ್ನು, ಬರೆದದ್ದು ನಂಬರಿಗೆ. ರಾಶಿ ಅಡಿಕೆಯ ಮೇಲಿದ್ದ ನಂಬರಿನ ಚೀಟಿಯನ್ನು ಯಾರಾದರೂ ಕಡಿಮೆ ದರದ ಕೆಂಪುಗೋಟಿನ ಗುಂಪಿನ ಮೇಲಿಟ್ಟರೆ, ತೂಕವಾಗುವುದು ಕೆಂಪುಗೋಟು. ಹೀಗೆ ತಿಳಿದರೆ ಸರಿಯೇ, ಅಕ್ಕ?

ಕೋಡಿಬಾಗ (ಕಾರವಾರ)

ಸರಿಯಾಗಿದೆ. ಅಡಿಕೆಯ ವ್ಯಾಪಾರ ನನಗೆ ತಿಳಿಯದು, ಆದರೆ ಅದೇ ಮಾತಿನಲ್ಲಿ ಹೇಳುವುದಾದರೆ ಪರಿಹಾರವೆಂದರೆ ಚೀಟಿಯನ್ನು ಮತ್ತೆ ಮತ್ತೆ ಓದುವುದಲ್ಲ, ನೋಡಿದ ಚೀಲದ ಬಾಯಿಯನ್ನು ಕೈಯಲ್ಲಿ ಹಿಡಿದುಕೊಂಡೇ ತಕ್ಕಡಿಗೆ ಹೋಗುವುದು. ಫೈಲನ್ನು ತೆರೆದಾಗ ಕರ್ನೆಲ್ ಕೊಡುವ ಫೈಲ್ ಡಿಸ್ಕ್ರಿಪ್ಟರ್ ಎಂದರೆ ಆ ಹಿಡಿತವೇ.

ಯಲ್ಲಾಪುರ ಘಟ್ಟ

ಮಾರಾಯ್ರೇ, ವಾದಕ್ಕೆಂದು ಒಪ್ಪಿದರೂ ವ್ಯವಹಾರಕ್ಕೆ ಇದು ಅತಿಯಾಯಿತು. ಪರೀಕ್ಷೆಗೂ ಬಳಕೆಗೂ ನಡುವೆ ಇರುವುದು ಕೆಲವು ಮೈಕ್ರೋಸೆಕೆಂಡು. ಆರು ಜನ ಕೆಲಸ ಮಾಡುವ ಕಚೇರಿಯಲ್ಲಿ ರಾತ್ರಿ 2 ಗಂಟೆಗೆ ಆ ಮೈಕ್ರೋಸೆಕೆಂಡನ್ನು ಕಾಯುತ್ತ ಕೂರುವವರು ಯಾರು? ಅನುಮಾನವಿದ್ದರೆ ಬಳಸುವ ಮೊದಲು ಇನ್ನೊಮ್ಮೆ ಪರೀಕ್ಷಿಸಿದರಾಯಿತು.

ಕುಮಟಾ ಲ್ಯಾಬ್

ನಿಮ್ಮ ಕೊನೆಯ ಸಲಹೆಯನ್ನು ನಿಮಗಿಂತ ಮೊದಲು ಕೊಟ್ಟವರಿದ್ದಾರೆ, ಅದರ ಕಥೆ ನಾನು ಪ್ರತಿವರ್ಷ ತರಗತಿಯಲ್ಲಿ ಹೇಳುವಂಥದು.

ಯಾರು ಓಡಿಸಿದರೂ ತಮ್ಮ ಮಾಲೀಕನ ಹಕ್ಕಿನಲ್ಲಿ ಓಡುವ ಸೆಟ್‌ಯುಐಡಿ ಪ್ರೋಗ್ರಾಮುಗಳಲ್ಲಿ ಹಳೆಯ ರೂಢಿಯೊಂದಿತ್ತು: ಕರ್ನೆಲ್‌ಗೆ ಮಾಡುವ ಆಕ್ಸೆಸ್ ಎಂಬ ಕರೆಯಿಂದ ಈ ಬಳಕೆದಾರನಿಗೆ ಈ ಫೈಲಿನ ಅನುಮತಿ ಇದೆಯೇ ಎಂದು ಕೇಳಿ, ಆಮೇಲೆ ಓಪನ್ ಕರೆಯಿಂದ ತೆರೆಯುವುದು. ಸಂದು ಇರುವುದು ಇವೆರಡರ ನಡುವೆ. 2004ರ ಯೂಸ್‌ನಿಕ್ಸ್ ಭದ್ರತಾ ಸಮ್ಮೇಳನದಲ್ಲಿ ಡ್ರೂ ಡೀನ್ ಮತ್ತು ಅಲನ್ ಹೂ ಒಂದು ಉಪಾಯ ಮಂಡಿಸಿದರು: ಈ ಜೋಡಿ ಕರೆಯನ್ನು ಹಲವು ಸಲ ಪುನರಾವರ್ತಿಸಿ, ಪ್ರತಿ ಸಲವೂ ಒಂದೇ ಫೈಲು ಸಿಕ್ಕಿತೇ ಎಂದು ಹೋಲಿಸಿದರೆ, ಆಕ್ರಮಣಕಾರ ಒಂದೇ ಓಟವನ್ನಲ್ಲ, ಎಲ್ಲ ಓಟಗಳನ್ನೂ ಸಾಲಾಗಿ ಗೆಲ್ಲಬೇಕಾಗುತ್ತದೆ, ಸಂಭವನೀಯತೆ ಗುಣಾಕಾರವಾಗಿ ಕುಸಿಯುತ್ತದೆ. ಗಣಿತ ಸರಿಯಾಗಿಯೇ ಇತ್ತು.

ಮರುವರ್ಷವೇ, 2005ರ ಅದೇ ಸಮ್ಮೇಳನದಲ್ಲಿ, ಬರ್ಕ್ಲಿಯ ನಿಕಿತಾ ಬೋರಿಸೋವ್, ರಾಬ್ ಜಾನ್ಸನ್, ನವೀನ್ ಶಾಸ್ತ್ರಿ, ಡೇವಿಡ್ ವ್ಯಾಗ್ನರ್ ಅದನ್ನು ಮುರಿದು ತೋರಿಸಿದರು. ಅವರು ಸಂದಿನ ಹೊತ್ತಿಗಾಗಿ ಕಾಯಲಿಲ್ಲ, ಹೊತ್ತನ್ನೇ ಹಿಗ್ಗಿಸಿದರು. ಡೈರೆಕ್ಟರಿಯೊಳಗೆ ಡೈರೆಕ್ಟರಿ, ಅದರ ತುದಿಯಲ್ಲಿ ಮುಂದಿನ ಸಾಲಿಗೆ ತೋರಿಸುವ ಸಿಮ್‌ಲಿಂಕ್, ಹೀಗೆ ಒಂದು ಚಕ್ರವ್ಯೂಹ ಕಟ್ಟಿ, ಆ ದಾರಿಯನ್ನು ಪ್ರೋಗ್ರಾಮಿಗೆ ಕೊಟ್ಟರು. ಕರ್ನೆಲ್ ಅದನ್ನು ನಡೆಯುವಾಗ ಡಿಸ್ಕಿಗೆ ಹೋಗಲೇಬೇಕು. ಡಿಸ್ಕಿಗಾಗಿ ಪ್ರೋಗ್ರಾಮು ಮಲಗಿದಾಗ ಆಕ್ರಮಣಕಾರನಿಗೆ ಬಿಡುವು ಸಿಗುತ್ತದೆ. ಪ್ರೋಗ್ರಾಮು ಈಗ ಎಷ್ಟನೆಯ ಕರೆಯಲ್ಲಿದೆ ಎಂದು ತಿಳಿಯುವುದು ಹೇಗೆ? ಚಕ್ರವ್ಯೂಹದ ಬಾಗಿಲಲ್ಲಿರುವ ಲಿಂಕಿನ ‘ಕೊನೆಯ ಬಾರಿ ಓದಿದ ಹೊತ್ತು’ ಬದಲಾಗುವುದನ್ನು ನೋಡುತ್ತ ಕುಳಿತರೆ ಸಾಕು, ಅದು ಗಂಟೆ ಹೊಡೆದಂತೆ. ನಾನು ಇದನ್ನು ಮೊದಲ ಬಾರಿ ಓದಿದಾಗ ಅವರ ಕುಯುಕ್ತಿಗೆ ತಲೆದೂಗಿದ್ದೆ.

ಇಂದು ಲಿನಕ್ಸ್‌ನಲ್ಲಿ ಐನೋಟಿಫೈ ಇದೆ. ಡೈರೆಕ್ಟರಿಯನ್ನು ಯಾರೋ ತೆರೆದರೆಂದು ಕರ್ನೆಲ್ಲೇ ಸುದ್ದಿ ಮುಟ್ಟಿಸುತ್ತದೆ. ಇನ್ನು ರಾತ್ರಿ 2 ಗಂಟೆಗೆ ಕಾಯುವವರು ಯಾರೆಂದು ಕೇಳಿದಿರಿ. ಕಾಯುವುದು ಮನುಷ್ಯನಲ್ಲ, ಹತ್ತು ಸಾಲಿನ ಪ್ರೋಗ್ರಾಮು. ಅದು ಪ್ರತಿ ರಾತ್ರಿ ಸೋತು ಒಂದು ರಾತ್ರಿ ಗೆದ್ದರೂ ಆಯಿತು. ಬನವಾಸಿ ರಸ್ತೆಯವರ ಯಂತ್ರದಲ್ಲಂತೂ ಕಾಯುವವರು ಯಾರೂ ಇರಲಿಲ್ಲ, ಬರೀ ಕರೆಂಟು ಬಂದದ್ದಕ್ಕೆ ಓಟ ನಡೆದುಹೋಯಿತು.

ಯಲ್ಲಾಪುರ ಘಟ್ಟ

ಒಪ್ಪಿದೆ, ಮೇಷ್ಟ್ರೇ. ಆದರೂ ಇದು ನಮ್ಮಂಥವರು ಬರೆದ ಸ್ಕ್ರಿಪ್ಟುಗಳ ದೋಷವೇ ಹೊರತು, ದಶಕಗಳಿಂದ ತೇಯ್ದು ತೇಯ್ದು ನುಣುಪಾದ ಆಜ್ಞೆಗಳದ್ದಲ್ಲ ಎಂದುಕೊಳ್ಳುತ್ತೇನೆ.

ಕೋಡಿಬಾಗ (ಕಾರವಾರ)

ಆ ನುಣುಪು ಬಂದದ್ದು ಏಟು ತಿಂದೇ. ಫೈಲು ಕುಗ್ಗಿಸುವ, ಬಿಚ್ಚುವ ಜಿಝಿಪ್ ಮತ್ತು ಬಿಝಿಪ್2 ಎರಡರಲ್ಲಿಯೂ 2005ರಲ್ಲಿ ಒಂದೇ ಬಗೆಯ ದೋಷ ಹೊರಬಿತ್ತು: ಜಿಝಿಪ್‌ನದು ಸಿವಿಇ-2005-0988, ಬಿಝಿಪ್2ನದು ಸಿವಿಇ-2005-0953 (ಸಿವಿಇ ಎಂದರೆ ಹೊರಬಿದ್ದ ಭದ್ರತಾ ದೋಷಕ್ಕೆ ಕೊಡುವ ಸಂಖ್ಯೆ). ಬಿಚ್ಚುವ ಕೆಲಸವನ್ನು ಹತ್ತಿರದಿಂದ ನೋಡಿ. ಆಗ ಪ್ರೋಗ್ರಾಮು ಹೊಸ ಫೈಲು ಸೃಷ್ಟಿಸುತ್ತಿತ್ತು, ಅದಕ್ಕೆ ಬರೆಯುತ್ತಿತ್ತು, ಮುಚ್ಚುತ್ತಿತ್ತು; ಆಮೇಲೆ, ಮೂಲದ ಅನುಮತಿಗಳೇ ಇದಕ್ಕೂ ಇರಲಿ ಎಂದು, ಫೈಲಿನ ಹೆಸರು ಹೇಳಿ ಚ್‌ಮೋಡ್ (ಅನುಮತಿ ಬದಲಿಸುವ ಕರೆ) ಮಾಡುತ್ತಿತ್ತು. ಆ ಡೈರೆಕ್ಟರಿಯಲ್ಲಿ ಬರೆಯುವ ಹಕ್ಕಿರುವ ಇನ್ನೊಬ್ಬ, ಮುಚ್ಚಿದ್ದಕ್ಕೂ ಚ್‌ಮೋಡ್‌ಗೂ ನಡುವೆ ಹೊಸ ಫೈಲನ್ನು ತೆಗೆದು, ಅದೇ ಹೆಸರಿನಲ್ಲಿ ಬೇರೊಂದು ಫೈಲಿಗೆ ಹಾರ್ಡ್‌ಲಿಂಕ್ (ಇರುವ ಫೈಲಿಗೇ ಇನ್ನೊಂದು ಹೆಸರು) ಇಟ್ಟರೆ, ಅನುಮತಿ ಸಡಿಲವಾಗುವುದು ಆ ಬೇರೆ ಫೈಲಿನದು. ಅದೇ ವರ್ಷದ ಸಿವಿಇ-2005-1039, ಆರ್‌ಎಂ, ಎಂವಿ ಮೊದಲಾದ ಮೂಲ ಆಜ್ಞೆಗಳ ಕಂತೆಯಾದ ಗ್ನೂ ಕೋರ್‌ಯುಟಿಲ್ಸ್‌ನದು: ಎಂಕೆಡಿರ್, ಎಂಕೆನಾಡ್, ಎಂಕೆಫಿಫೋ ಆಜ್ಞೆಗಳಿಗೆ ಅನುಮತಿಯನ್ನು ಜೊತೆಗೇ ಹೇಳಿದರೆ, ಅವು ಮೊದಲು ಸೃಷ್ಟಿಸಿ ಆಮೇಲೆ ಹೆಸರಿನ ಮೂಲಕ ಅನುಮತಿ ಬದಲಿಸುತ್ತಿದ್ದವು.

ಫೈಲು ಬಿಚ್ಚುವಲ್ಲಿ ಇದಕ್ಕೆ ಮದ್ದು ಫೈಲನ್ನು ಮುಚ್ಚುವ ಮೊದಲೇ, ಡಿಸ್ಕ್ರಿಪ್ಟರಿನ ಮೇಲೆ ಎಫ್‌ಚ್‌ಮೋಡ್ ಮಾಡುವುದು. ಡೈರೆಕ್ಟರಿಗಳ ವಿಷಯದಲ್ಲಿ ಮದ್ದು ತಡವಾಗಿ ಬಂತು. ಓಪನ್‌ಆಟ್, ಅನ್‌ಲಿಂಕ್‌ಆಟ್ ಮೊದಲಾದ ಕರೆಗಳು ಲಿನಕ್ಸ್‌ಗೆ ಸೇರಿದ್ದು 2006ರ 2.6.16 ಆವೃತ್ತಿಯಲ್ಲಿ, ಯುನಿಕ್ಸ್ ಬಗೆಯ ವ್ಯವಸ್ಥೆಗಳ ಪಾಸಿಕ್ಸ್ ಮಾನದಂಡಕ್ಕೆ ಸೇರಿದ್ದು 2008ರಲ್ಲಿ. ಇವುಗಳಿಗೆ ಪೂರ್ತಿ ದಾರಿ ಹೇಳಬೇಕಿಲ್ಲ. ತೆರೆದು ಹಿಡಿದ ಡೈರೆಕ್ಟರಿಯನ್ನು ಕೊಟ್ಟು, ‘ಇದರೊಳಗಿನ ಇಂಥದು’ ಎಂದರೆ ಸಾಕು. ಇಂದಿನ ಗ್ನೂ ಆರ್‌ಎಂ ಒಂದೊಂದೇ ಮೆಟ್ಟಿಲು ಹೀಗೆ ಹಿಡಿದು ಇಳಿಯುತ್ತದೆ. ತೆರೆಯುವಾಗ ನೋಫಾಲೋ ಎಂಬ ಸೂಚನೆ ಕೊಟ್ಟರೆ ಲಿಂಕನ್ನು ಹಿಂಬಾಲಿಸುವುದಿಲ್ಲ ಎಂದು ಹಲವರು ನೆಚ್ಚುತ್ತಾರೆ, ಆದರೆ ಅದು ಕಾಯುವುದು ದಾರಿಯ ಕೊನೆಯ ಹೆಸರನ್ನು ಮಾತ್ರ. ಇಡೀ ದಾರಿಯನ್ನೂ ಕಾಯುವ ಓಪನ್‌ಆಟ್2 ಬಂದದ್ದು 2020ರ ಲಿನಕ್ಸ್ 5.6ರಲ್ಲಿ.

ಹೊನ್ನಾವರ ಬಂದರು

ನಾನು ಈಚೆಗೆ ರಸ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಯುತ್ತಿದ್ದೇನೆ. ಉಬುಂಟು ಎಂಬ ಲಿನಕ್ಸ್ ವಿತರಣೆಯ 2025ರ ಅಕ್ಟೋಬರಿನ 25.10 ಆವೃತ್ತಿಯಲ್ಲಿ ಹಳೆಯ ಕೋರ್‌ಯುಟಿಲ್ಸ್ ಬದಲಿಗೆ ರಸ್ಟ್‌ನಲ್ಲಿ ಬರೆದ ಯುಯುಟಿಲ್ಸ್ ಬಂದಿದೆ. ಭಾಷೆಯೇ ರೇಸ್‌ಗಳನ್ನು ತಡೆಯುತ್ತದೆ ಎನ್ನುವಾಗ ಈ ಚಿಂತೆ ಮುಂದೆ ಇರುವುದಿಲ್ಲವಲ್ಲ?

ಕೋಡಿಬಾಗ (ಕಾರವಾರ)

ತಮ್ಮಾ, ರಸ್ಟ್ ತಡೆಯುವುದು ಡೇಟಾ ರೇಸನ್ನು, ಅಂದರೆ ಒಂದೇ ಪ್ರೋಗ್ರಾಮಿನ ಎರಡು ಎಳೆಗಳು (ಥ್ರೆಡ್) ಒಂದೇ ಮೆಮೊರಿ ಜಾಗಕ್ಕೆ ಒಟ್ಟಿಗೆ ಕೈಹಾಕುವುದನ್ನು. ಡಿಸ್ಕಿನ ಮೇಲಿನ ಹೆಸರನ್ನು ಹೊರಗಿನವನೊಬ್ಬ ಬದಲಿಸುವುದು ಕಂಪೈಲರಿನ ಕಣ್ಣಿಗೆ ಬೀಳುವುದಿಲ್ಲ. ಸಾಕ್ಷಿ ಬೇಕಿದ್ದರೆ ರಸ್ಟ್‌ನ ಸ್ವಂತ ಸ್ಟ್ಯಾಂಡರ್ಡ್ ಲೈಬ್ರರಿಯದೇ ಇದೆ: ಡೈರೆಕ್ಟರಿಯನ್ನು ಒಳಗಿನದೆಲ್ಲದರ ಸಮೇತ ಅಳಿಸುವ ರಿಮೂವ್-ಡಿರ್-ಆಲ್, ‘ಇದು ಸಿಮ್‌ಲಿಂಕೇ’ ಎಂದು ಮೊದಲು ನೋಡಿ, ಆಮೇಲೆ ಹೆಸರಿನ ಮೂಲಕವೇ ಒಳಗಿಳಿಯುತ್ತಿತ್ತು. ಅದಕ್ಕೆ ಸಿವಿಇ-2022-21658 ಎಂಬ ಸಂಖ್ಯೆ ಬಿದ್ದು, 2022ರ ಜನವರಿಯಲ್ಲಿ 1.58.1 ಆವೃತ್ತಿಯಲ್ಲಿ ಸರಿಯಾಯಿತು. ಹೊಸ ಭಾಷೆಯಲ್ಲಿ ಹಳೆಯ ಆಜ್ಞೆಯನ್ನು ಮತ್ತೆ ಬರೆಯುವವರು, ಹಳಬರು ಏಟು ತಿಂದು ಕಲಿತದ್ದನ್ನು ಸಾಲು ಸಾಲಾಗಿ ಮತ್ತೆ ಕಲಿಯಬೇಕಾಗುತ್ತದೆ. ಫೈಲನ್ನು ಹೆಸರಿನಿಂದ ಕರೆಯುವ ಸುಲಭದ ಕರೆಗಳೇ ಲೈಬ್ರರಿಯಲ್ಲಿ ಮೊದಲು ಕೈಗೆ ಸಿಗುತ್ತವೆ.

ಕುಮಟಾ ಲ್ಯಾಬ್

ಇಲ್ಲಿ ಬನವಾಸಿ ರಸ್ತೆಯವರಿಗೆ ಒಂದು ಪ್ರಶ್ನೆ. ಹಂಚಿಕೆ ಫೋಲ್ಡರಿನ ಅನುಮತಿ 777 (ಎಲ್ಲರಿಗೂ ಎಲ್ಲ ಹಕ್ಕು) ಎಂದು ಊಹಿಸುತ್ತೇನೆ, ಹೌದೇ? ಎಲ್ಲರೂ ತಾತ್ಕಾಲಿಕ ಫೈಲು ಇಡುವ ಟೆಂಪ್ ಡೈರೆಕ್ಟರಿಯದು 1777. ಮುಂದಿನ ಆ 1 ಸ್ಟಿಕಿ ಬಿಟ್, ಒಬ್ಬರ ಫೈಲನ್ನು ಇನ್ನೊಬ್ಬರು ಅಳಿಸದಂತೆ, ಹೆಸರು ಬದಲಿಸದಂತೆ ಅದು ಕಾಯುತ್ತದೆ. 2012ರ ಲಿನಕ್ಸ್ 3.6ರಲ್ಲಿ ಬಂದ ಪ್ರೊಟೆಕ್ಟೆಡ್ ಸಿಮ್‌ಲಿಂಕ್ಸ್ ಎಂಬ ರಕ್ಷಣೆಯೂ, ಎಲ್ಲರೂ ಬರೆಯಬಹುದಾದ ಸ್ಟಿಕಿ ಡೈರೆಕ್ಟರಿಗಳಿಗೆ ಮಾತ್ರ ಅನ್ವಯಿಸುತ್ತದೆ: ಅಲ್ಲಿರುವ ಲಿಂಕಿನ ಮಾಲೀಕನೇ ಹಿಂಬಾಲಿಸುವವನಾಗಿರಬೇಕು, ಇಲ್ಲವೇ ಡೈರೆಕ್ಟರಿಯ ಮಾಲೀಕನೇ ಲಿಂಕಿನ ಮಾಲೀಕನಾಗಿರಬೇಕು. ಬರೀ 777 ಕೊಟ್ಟವರಿಗೆ ಈ ಕೊಡೆ ಸಿಗುವುದಿಲ್ಲ.

ಬನವಾಸಿ ರಸ್ತೆ (ಶಿರಸಿ)

ಹೌದು, 777. ಹೇಳಲು ನಾಚಿಕೆಯಾಗುತ್ತದೆ.

ಈ ವಾರ ಮಾಡಿದ ಬದಲಾವಣೆಗಳನ್ನು ತಿಳಿಸುತ್ತೇನೆ. ಎರಡೂ ಸ್ಕ್ರಿಪ್ಟುಗಳು ಈಗ ರೂಟ್ ಅಲ್ಲದ, ಹಂಚಿಕೆಯ ಗುಂಪಿಗೆ ಸೇರಿಸಿದ ಒಬ್ಬ ಸಾಮಾನ್ಯ ಬಳಕೆದಾರನ ಹೆಸರಿನಲ್ಲಿ, ಒಂದೇ ಎಫ್‌ಲಾಕ್ ಅಡಿಯಲ್ಲಿ ಓಡುತ್ತವೆ. 777 ತೆಗೆದು, ಬರೆಯುವ ಹಕ್ಕನ್ನು ಆ ಗುಂಪಿಗೆ ಮಾತ್ರ ಕೊಟ್ಟಿದ್ದೇನೆ. ಫೈಂಡ್‌ನ ಎಕ್ಸೆಕ್ ಹೋಗಿ ಡಿಲೀಟ್ ಬಂದಿದೆ. ಸಾಗಣೆಯನ್ನು ಎರಡು ಹಂತ ಮಾಡಿದ್ದೇನೆ: ಒಂದು ಡಿಸ್ಕಿನಿಂದ ಇನ್ನೊಂದಕ್ಕೆ ಎಂವಿ ಮಾಡಿದರೆ ಅದು ಒಳಗೊಳಗೆ ನಕಲು ಮಾಡಿ ಆಮೇಲೆ ಅಳಿಸುವ ನಿಧಾನದ ಕೆಲಸವೆಂದು ತಿಳಿದ ಮೇಲೆ, ಮೊದಲು ಅದೇ ಡಿಸ್ಕಿನ, ಬೇರೆಯವರಿಗೆ ಪ್ರವೇಶವಿಲ್ಲದ ಫೋಲ್ಡರಿಗೆ ಎಂವಿ ಮಾಡುತ್ತೇನೆ. ಅದು ಬರೀ ಹೆಸರಿನ ಬದಲಾವಣೆ, ಒಂದೇ ಏಟಿಗೆ ಆಗುತ್ತದೆ. ಅಲ್ಲಿಂದ ಎರಡನೆಯ ಡಿಸ್ಕಿಗೆ, ನಕಲು ತೆಗೆಯುವ ಆರ್‌ಸಿಂಕ್ ಆಜ್ಞೆಯಿಂದ, ನಿಧಾನವಾಗಿ ನಕಲು ಮಾಡುತ್ತೇನೆ. ಯುಪಿಎಸ್ಸಿನ ತಂತಿ ಕಿತ್ತು ಮೂರು ಸಲ ಯಂತ್ರವನ್ನು ಕೆಡವಿ ಎಬ್ಬಿಸಿದೆ. ಮೂರೂ ಸಲ ಒಂದು ಸ್ಕ್ರಿಪ್ಟ್ ಇನ್ನೊಂದಕ್ಕಾಗಿ ಕಾದು ನಿಂತದ್ದು ಲಾಗ್‌ನಲ್ಲಿ ಕಾಣುತ್ತದೆ.

ಉಳಿದ ಅನುಮಾನ ಒಂದೇ. ಬೇರೆ ಫೋಲ್ಡರಿಗೆ ಸರಿಸುವ ಹೊತ್ತಿಗೆ ಸ್ಕ್ಯಾನರ್, ನೆಟ್‌ವರ್ಕಿನಲ್ಲಿ ಫೋಲ್ಡರು ಹಂಚುವ ಸಾಂಬಾ ಮೂಲಕ, ಅದೇ ಫೋಲ್ಡರಿನ ಫೈಲಿಗೆ ಬರೆಯುತ್ತಿದ್ದರೆ ಏನಾಗುತ್ತದೆ?

ಕೋಡಿಬಾಗ (ಕಾರವಾರ)

ಸಾಂಬಾದ ಕೈಯಲ್ಲಿರುವುದು ತೆರೆದ ಡಿಸ್ಕ್ರಿಪ್ಟರ್. ನೀವು ಮೇಲಿನ ಫೋಲ್ಡರನ್ನು ಎಲ್ಲಿಗೆ ಸರಿಸಿದರೂ ಅದು ಅದೇ ಫೈಲಿಗೆ ಬರೆಯುತ್ತ ಹೋಗುತ್ತದೆ, ಏನೂ ಕಳೆಯುವುದಿಲ್ಲ. ಆದರೆ ಅದೇ ಕಾರಣಕ್ಕೆ ನಿಮ್ಮ ಬೀಗದ ಕೋಣೆ, ಅಂದರೆ ಬೇರೆಯವರಿಗೆ ಪ್ರವೇಶವಿಲ್ಲದ ಆ ಫೋಲ್ಡರು, ನೀವು ತಿಳಿದಷ್ಟು ಭದ್ರವಲ್ಲ: ಸರಿಸುವ ಮೊದಲೇ ಆ ಫೋಲ್ಡರಿನ ಒಳಗೆ ನಿಂತಿದ್ದ ಪ್ರೋಸೆಸ್ ಅದರ ಜೊತೆಗೇ ಒಳಬಂದಿರುತ್ತದೆ, ಹೊರಬಾಗಿಲಿನ ಅನುಮತಿ ಅದನ್ನು ತಡೆಯುವುದಿಲ್ಲ. ಹಾಗಾಗಿ ರೂಟ್ ಬಿಟ್ಟದ್ದು ಒಳ್ಳೆಯದಾಯಿತು, ಮತ್ತೆ ಅದಕ್ಕೆ ಮರಳಬೇಡಿ. ಆರ್‌ಸಿಂಕ್‌ನ ಆವೃತ್ತಿಯನ್ನೂ ಒಮ್ಮೆ ನೋಡಿಕೊಳ್ಳಿ. ಸಾಮಾನ್ಯ ಫೈಲನ್ನು ಸರಿಯಾದ ಹೊತ್ತಿಗೆ ಸಿಮ್‌ಲಿಂಕ್ ಆಗಿ ಬದಲಿಸಿ ಅದನ್ನು ಮೋಸಗೊಳಿಸುವ ದೋಷ, ಸಿವಿಇ-2024-12747, 2025ರ ಜನವರಿಯ 3.4.0ರಲ್ಲಿ ಸರಿಯಾಗಿದೆ. ನಿಮ್ಮ ವಿತರಣೆ ಆ ತಿದ್ದುಪಡಿಯನ್ನು ಹಳೆಯ ಆವೃತ್ತಿಗೇ ಸೇರಿಸಿರಲೂಬಹುದು, ಪ್ಯಾಕೇಜಿನ ಬದಲಾವಣೆ ಪಟ್ಟಿಯಲ್ಲಿ ಆ ಸಂಖ್ಯೆಯನ್ನು ಹುಡುಕಿ.

ಕುಮಟಾ ಲ್ಯಾಬ್

ಸರಿಸಿದ ಕೂಡಲೇ ಆರ್‌ಸಿಂಕ್ ಮಾಡಬೇಡಿ. ಸ್ಕ್ಯಾನರ್ ಅರ್ಧ ಬರೆದದ್ದರ ನಕಲು ಅರ್ಧವೇ ಇರುತ್ತದೆ. ಇಂದು ರಾತ್ರಿ ಸರಿಸಿದ್ದನ್ನು ನಾಳೆ ರಾತ್ರಿ ನಕಲು ಮಾಡಿ. ಅಷ್ಟರೊಳಗೆ ಯಾವ ಸ್ಕ್ಯಾನರೂ ಬರೆದು ಮುಗಿಸಿರುತ್ತದೆ.

ಬನವಾಸಿ ರಸ್ತೆ (ಶಿರಸಿ)

ನಕಲಿನ ಸಾಲನ್ನು ಮರುದಿನಕ್ಕೆ ತಳ್ಳಿದ್ದೇನೆ. ಆರ್‌ಸಿಂಕ್ 3.2.7 ಇದೆ, ಬದಲಾವಣೆ ಪಟ್ಟಿಯಲ್ಲಿ ಕೋಡಿಬಾಗದ ಅಕ್ಕ ಹೇಳಿದ ಸಂಖ್ಯೆ ಸಿಕ್ಕಿತು.